ಒಳ್ಳೆಯತನದ ಡಂಗುರ



ಬಾನುಲಿಯಲ್ಲಿ ಮಾತಾಡುವವನಿಗೆ ಒಂದು ಅನುಕೂಲ ಉಂಟು. ನಾನು ಈಗ ಏನು ಉಟ್ಟಿದ್ದೇನೆ, ಹಣೆಯ ಮೇಲೆ ಏನಿದೆ ಅಥವಾ ಏನಿಲ್ಲ, ಹೆಗಲ ಮೇಲಿನ ಶಲ್ಯದ ಬಣ್ಣ ಯಾವುದು, ಮುಂಗೈಗೆ ಯಾವ ದಾರ ಕಟ್ಟಿದೆ, ಒಂದೂ ನಿಮಗೆ ಕಾಣುವುದಿಲ್ಲ. ಆದರೂ ನಾನು ಎರಡು ವಾಕ್ಯ ಆಡಿದ್ದೇ ತಡ, ನಿಮ್ಮಲ್ಲಿ ಹಲವರು ಒಳಗೊಳಗೇ ಲೆಕ್ಕ ಶುರು ಮಾಡಿರುತ್ತೀರಿ. ಈತ ಯಾವ ಕಡೆಯವನು? ಮೈಸೂರು ಸೀಮೆಯವನೋ, ಧಾರವಾಡದ ಕಡೆಯವನೋ, ಘಟ್ಟದ ಕೆಳಗಿನವನೋ? 'ಹ'ಕಾರ ಗಟ್ಟಿಯಾಗಿ ಬಂತೋ, ಜಾರಿ ಹೋಯಿತೋ? ಮನೆಯಲ್ಲಿ ಏನು ತಿನ್ನುವವನಿರಬಹುದು?

ತಪ್ಪು ತಿಳಿಯಬೇಡಿ, ನಾನೂ ರೇಡಿಯೋ ಹಾಕಿಕೊಂಡು ಕೂತಾಗ ಇದನ್ನೇ ಮಾಡುತ್ತೇನೆ.

ಈ ಮಾಧ್ಯಮಕ್ಕೂ ಮನಸ್ಸಿನ ಇಂಥ ಲೆಕ್ಕಗಳಿಗೂ ಒಂದು ಹಳೆಯ ನಂಟಿದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ, ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವಾಟ್‌ನ ಪುಟ್ಟ ಪ್ರೇಷಕ ಇಟ್ಟುಕೊಂಡು ಬಾನುಲಿ ಶುರು ಮಾಡಿದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಆ ನಿಲಯದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನಸ್ಸಿನ ಮೇಷ್ಟ್ರು ಕಟ್ಟಿದ ಮನೆಯಿಂದ ಮನಸ್ಸಿನದೇ ಒಂದು ಸಣ್ಣ ಕಳ್ಳತನದ ಬಗ್ಗೆ ಮಾತಾಡುವುದು ನನಗೆ ಸರಿ ಅನ್ನಿಸಿತು.

ಯಾವ ಕಳ್ಳತನ? ನಮ್ಮ ಒಳ್ಳೆಯತನವನ್ನು ನಾಲ್ಕು ಜನಕ್ಕೆ ಕಾಣುವ ಹಾಗೆ ಇಡುವುದು. ಅದನ್ನೇ ಬೇಲಿ ಮಾಡಿಕೊಂಡು 'ನಮ್ಮವರು' ಒಳಗೆ, 'ಅವರು' ಹೊರಗೆ ಎಂದು ಗೆರೆ ಎಳೆಯುವುದು. ಈ ಎರಡೂ ಒಂದೇ ಬಳ್ಳಿಯ ಕಾಯಿಗಳು ಎನ್ನುವುದು ನನ್ನ ಅನುಮಾನ.

ನಮ್ಮೂರ ದೇವಸ್ಥಾನದ ಮುಖಮಂಟಪದಲ್ಲಿ ಒಂದು ಟ್ಯೂಬ್‌ಲೈಟ್ ಇತ್ತು. ದಾನಿಗಳ ಹೆಸರನ್ನು ಅದರ ಕೊಳವೆಯ ಮೇಲೇ ಕೆಂಪು ಬಣ್ಣದಲ್ಲಿ ಬರೆಸಿದ್ದರು. ತೀರಿಕೊಂಡ ತಂದೆಯವರ ಹೆಸರು, ತಾಯಿಯವರ ಹೆಸರು, ಜ್ಞಾಪಕಾರ್ಥ ಎಂಬ ಮಾತು, ಮೂವರು ಮಕ್ಕಳ ಹೆಸರು, ಕೊನೆಗೆ ಅಂಗಡಿಯ ಹೆಸರು. ಬೆಳಕು ಹೊರಗೆ ಬರಲು ಉಳಿದದ್ದು ಗೇಣುದ್ದ ಗಾಜು. ಆ ದೀಪದ ಕೆಳಗೆ ಏನನ್ನೂ ಓದಲು ಆಗುತ್ತಿರಲಿಲ್ಲ, ಆ ಹೆಸರುಗಳನ್ನು ಬಿಟ್ಟರೆ. ಚಿಕ್ಕಂದಿನಲ್ಲಿ ನಾವು ಅದನ್ನು ನೋಡಿ ನಕ್ಕಿದ್ದೇವೆ. ಈಗ ಯೋಚಿಸಿದರೆ, ಮದುವೆ ಮನೆಯ ಮುಯ್ಯಿ ಪುಸ್ತಕದಲ್ಲಿ ನನ್ನ ಹೆಸರು ಬರೆಯುವವನು ಮೊತ್ತವನ್ನು ಸ್ವಲ್ಪ ಗಟ್ಟಿಯಾಗಿ ಹೇಳಲಿ ಎಂದು ಕಾಯುವ ನಾನು ನಗುವ ಹಕ್ಕು ಕಳೆದುಕೊಂಡಿದ್ದೇನೆ. ಮಂಗಳಾರತಿ ತಟ್ಟೆಗೆ ಹತ್ತು ರೂಪಾಯಿ ಹಾಕುವಾಗ ಮಡಿಸಿ ಹಾಕುವ ಕೈ, ನೂರು ಹಾಕುವಾಗ ಬಿಡಿಸಿ ಹಾಕುತ್ತದೆ. ನಿಮ್ಮ ಕೈಯನ್ನೂ ಒಮ್ಮೆ ಗಮನಿಸಿ.

ಹಾಗೆಂದು ಕೊಟ್ಟವರು ಹೆಸರು ಹಾಕಿಸುವುದೇ ತಪ್ಪು ಎನ್ನಲಾಗದು. ನಮ್ಮ ನಾಡಿನ ದಾನಶಾಸನಗಳನ್ನು ನೋಡಿ. ಬಿ.ಎಲ್. ರೈಸ್ ಅವರು ಊರೂರು ಸುತ್ತಿಸಿ ಓದಿಸಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಸಾವಿರಾರು ಕಲ್ಲುಗಳಲ್ಲಿ ದೊಡ್ಡ ಪಾಲು ಕೊಟ್ಟವರ ಹೆಸರಿನವೇ. ಆದರೆ ಅಲ್ಲಿ ಹೆಸರಿನ ಪಕ್ಕದಲ್ಲಿ ಗದ್ದೆಯ ಎಲ್ಲೆ ಇದೆ. ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಕಲ್ಲು ಎಂಬ ವಿವರ ಇದೆ. ಈ ದಾನವನ್ನು ಕಿತ್ತುಕೊಂಡವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ಎಂಬ ಶಾಪ ಇದೆ. ಆ ಹೆಸರು ಬೆನ್ನು ತಟ್ಟಿಸಿಕೊಳ್ಳಲು ಮಾತ್ರ ಕೂತದ್ದಲ್ಲ. ನಾಳೆ ತಕರಾರು ಬಂದರೆ ಸಾಕ್ಷಿ ಹೇಳಲು ಕೂತದ್ದು.

ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 1007ರ ಶಾಸನವೊಂದಿದೆ. ಅದು ಹೊಗಳುವುದು ದಾನಚಿಂತಾಮಣಿ ಅತ್ತಿಮಬ್ಬೆಯನ್ನು. ಪೊನ್ನ ಕವಿಯ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು ಎಂಬುದು ಆಕೆಯ ಖ್ಯಾತಿ. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಗೂ ತಾಳೆಗರಿ ಹದ ಮಾಡಬೇಕು, ಒಬ್ಬ ಲಿಪಿಕಾರ ಕಬ್ಬಿಣದ ಲೇಖನಿ ಹಿಡಿದು ಅಕ್ಷರ ಅಕ್ಷರವಾಗಿ ಕೊರೆಯಬೇಕು, ಅವನ ಹೊಟ್ಟೆ ನೋಡಿಕೊಳ್ಳಬೇಕು. ಹೀಗೆ ಸಾವಿರ ಸಲ. ಆಕೆಗೆ ಕೀರ್ತಿಯ ಆಸೆ ಇತ್ತೇ? ಇದ್ದಿದ್ದರೂ ಇರಬಹುದು. ಆದರೆ ಆ ಕೀರ್ತಿ ಆಕೆಗೆ ಅಗ್ಗಕ್ಕೆ ಸಿಗಲಿಲ್ಲ, ಮತ್ತು ಆಕೆ ಕೊಟ್ಟ ಬೆಲೆಯಿಂದ ಬೇರೆಯವರ ಕೈಗೆ ಒಂದು ಪುಸ್ತಕ ಬಂತು.

ಇದನ್ನೇ ಇತ್ತೀಚಿನ ವಿದ್ವಾಂಸರು ಬೇರೆ ದಾರಿಯಿಂದ ಬಂದು ಹೇಳಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಒಂದು ಪ್ರಶ್ನೆ ಎತ್ತಿಕೊಂಡರು: ಕೆಲಸ ಕೇಳಿಕೊಂಡು ಬಂದವನು ಜಾಣನೋ ಅಲ್ಲವೋ ಎಂದು ಕೆಲಸ ಕೊಡುವವನಿಗೆ ಹೇಗೆ ಗೊತ್ತಾಗಬೇಕು? ಪದವಿ ಪತ್ರ ನೋಡಿ. ಯಾಕೆ? ಅದನ್ನು ಪಡೆಯಲು ಬೇಕಾದ ಶ್ರಮ ಜಾಣನಿಗೆ ಹೇಗೋ ತಡೆಯುತ್ತದೆ, ಇಲ್ಲದವನಿಗೆ ದುಬಾರಿ. 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. 1975ರಲ್ಲಿ ಇಸ್ರೇಲಿನ ಜೀವಶಾಸ್ತ್ರಜ್ಞ ಅಮೋಟ್ಸ್ ಜಹಾವಿ ನವಿಲಿನ ಗರಿಯ ಬಗ್ಗೆ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಅಷ್ಟು ಭಾರದ ಬಾಲ ಹೊತ್ತೂ ಹುಲಿಯ ಬಾಯಿಗೆ ಸಿಗದೆ ಬದುಕಿದ್ದೇನೆ ನೋಡು ಎಂದು ಗಂಡು ನವಿಲು ಹೇಳುತ್ತದೆಯಂತೆ. ಎರಡರ ಸಾರ ಒಂದೇ. ಸುಳ್ಳನಿಗೆ ಕೈಗೆಟುಕದ ಗುರುತನ್ನು ಮಾತ್ರ ನಂಬಬಹುದು.

ಈಗ ನಮ್ಮ ಕೈಯಲ್ಲಿರುವ ಗುರುತುಗಳನ್ನು ಈ ತಕ್ಕಡಿಗೆ ಹಾಕಿ. ಮೊಬೈಲಿನ ಸ್ಟೇಟಸ್ಸಿಗೆ ಒಂದು ದೀಪದ ಚಿತ್ರ ಹಾಕಲು ಎಷ್ಟು ಖರ್ಚು? ಯಾರೋ ತೀರಿಕೊಂಡ ಸುದ್ದಿಗೆ 'ಓಂ ಶಾಂತಿ' ಒತ್ತಲು? ನವೆಂಬರ್ ಒಂದನೇ ತಾರೀಕು ಹಳದಿ ಕೆಂಪು ಶಲ್ಯ ಹೊದ್ದು ಕನ್ನಡಕ್ಕಾಗಿ ಪ್ರಾಣ ಕೊಡುತ್ತೇನೆ ಎನ್ನಲು? ಪ್ರಾಣ ಯಾರೂ ಕೇಳುತ್ತಿಲ್ಲ. ಎರಡನೇ ತಾರೀಕು ಮಗುವಿಗೆ ಒಂದು ಕನ್ನಡ ಪುಸ್ತಕ ಕೊಡಿಸಿ ಪಕ್ಕದಲ್ಲಿ ಕೂತು ಓದಿಸಿದರೆ ಸಾಕು. ಅದಕ್ಕೆ ಅರ್ಧ ಗಂಟೆ ಖರ್ಚಾಗುತ್ತದೆ, ಮತ್ತು ಅದನ್ನು ಯಾರೂ ನೋಡುವುದಿಲ್ಲ.

ಇದು ಹೊಸ ರೋಗ, ಮೊಬೈಲ್ ತಂದದ್ದು ಎನ್ನುವವರಿದ್ದಾರೆ. ಅವರಿಗೆ ನಾನು ಪುರಂದರದಾಸರ 'ಉದರ ವೈರಾಗ್ಯ' ಕೀರ್ತನೆಯನ್ನು ನೆನಪಿಸುತ್ತೇನೆ. ಸುಮಾರು ಐನೂರು ವರ್ಷದ ಹಿಂದೆ, ಕೊರೆಯುವ ಚಳಿಯಲ್ಲಿ ಹೊಳೆಯಲ್ಲಿ ಮುಳುಗಿ ನಡುಗುತ್ತಾ ಮೇಲೆ ಬಂದು ನೋಡಿದವರನ್ನು ಬೆರಗುಗೊಳಿಸುವ ಭಕ್ತನನ್ನು ದಾಸರು ಅದರಲ್ಲಿ ಹಿಡಿದು ನಿಲ್ಲಿಸಿದ್ದಾರೆ. ಅವನ ಪೂಜೆಯ ಕೋಣೆ ಅವರ ಕಣ್ಣಿಗೆ ಕಂಚುಗಾರನ ಮಳಿಗೆಯ ಹಾಗೆ ಕಂಡಿತು. ದಾಸರು ಹರಿದಾಸರಾಗುವ ಮೊದಲು ದೊಡ್ಡ ವ್ಯಾಪಾರಿಯಾಗಿದ್ದರು ಎಂಬುದು ಪ್ರತೀತಿ. ಸರಕನ್ನು ಗಿರಾಕಿಯ ಕಣ್ಣಿಗೆ ಬೀಳುವಂತೆ ಹೇಗೆ ಜೋಡಿಸುತ್ತಾರೆ ಎಂದು ಅಂಗಡಿ ನಡೆಸಿದವರಿಗೆ ಗೊತ್ತು. ಆ ಕಣ್ಣಿಗೆ ಭಕ್ತಿಯ ಪ್ರದರ್ಶನ ಮರೆಯಾಗಿ ಉಳಿಯುವುದಾದರೂ ಹೇಗೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಗ್ಗದ ಗುರುತು ಅಗ್ಗದ್ದು ಎಂದು ಎಲ್ಲರಿಗೂ ಗೊತ್ತು. ಹಾಗಿದ್ದರೂ ಅದು ಯಾಕೆ ಚಲಾವಣೆಯಲ್ಲಿದೆ? ನನ್ನ ಉತ್ತರ ಇಷ್ಟು. ಸ್ಟೇಟಸ್ಸಿನ ದೀಪ ಉರಿಯುವುದು ಸತ್ತವರಿಗಾಗಿ ಅಲ್ಲ, ನಮ್ಮ ಗುಂಪಿಗಾಗಿ. ನಾನು ನಿಮ್ಮವನೇ, ನನ್ನನ್ನು ಬಿಟ್ಟು ಊಟಕ್ಕೆ ಕೂರಬೇಡಿ ಎಂದು ಅದು ಹೇಳುತ್ತದೆ. ಎಲ್ಲರೂ ದೀಪ ಹಚ್ಚಿದ ದಿನ ಹಚ್ಚದೆ ಉಳಿದವನ ಮೇಲೆ ಎಲ್ಲರ ಕಣ್ಣು ಹೋಗುವುದೂ ಇದಕ್ಕೇ. ಒಳ್ಳೆಯತನದ ಡಂಗುರ ಸಾರಿದ್ದೇ ತಡ, ಅದು ಹಾಜರಿ ಪುಸ್ತಕವಾಗಿಬಿಡುತ್ತದೆ.

ಗುಂಪು ಕಟ್ಟಲು ಮನುಷ್ಯನಿಗೆ ಎಷ್ಟು ಕಾರಣ ಬೇಕು? ಮದುವೆ ಮನೆಗೆ ಹೋಗಿ ನೋಡಿ. ನಿಮ್ಮ ಸಹೋದ್ಯೋಗಿಯ ಮಗಳ ಮದುವೆ. ಆ ಹುಡುಗಿಯನ್ನು ನೀವು ಒಮ್ಮೆಯೂ ನೋಡಿಲ್ಲ. ಛತ್ರದ ಬಾಗಿಲಲ್ಲಿ ಯಾರೋ ಕೇಳುತ್ತಾರೆ: "ತಾವು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?" ನೀವು ಹೆಣ್ಣಿನ ಕಡೆ ಎನ್ನುತ್ತೀರಿ. ಅಲ್ಲಿಂದ ಎರಡು ಗಂಟೆಯೊಳಗೆ ಗಂಡಿನ ಕಡೆಯವರಿಗೆ ಪಾಯಸ ಮೊದಲು ಬಂತು, ನಮ್ಮ ಪಂಕ್ತಿಗೆ ತಡವಾಯಿತು ಎಂದು ನಿಮ್ಮ ಹೊಟ್ಟೆ ಉರಿಯುತ್ತದೆ. ಸಂಜೆ ಮನೆಗೆ ಬಂದು "ಗಂಡಿನ ಕಡೆಯವರದ್ದು ಸ್ವಲ್ಪ ಜೋರು" ಎಂದು ಹೇಳುತ್ತೀರಿ. ಬೆಳಿಗ್ಗೆ ಹತ್ತಕ್ಕೆ ಇಲ್ಲದ ಗುಂಪು ಮಧ್ಯಾಹ್ನ ಹನ್ನೆರಡಕ್ಕೆ ಹುಟ್ಟಿ, ಕುಂದುಕೊರತೆಯನ್ನೂ ಸಂಪಾದಿಸಿಕೊಂಡಿತು.

ಇದನ್ನೇ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪರೀಕ್ಷೆ ಮಾಡಿ ತೋರಿಸಿದರು. ಅವರು ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ಸೇರಿ ಜರ್ಮನರ ಸೆರೆ ಸಿಕ್ಕಿ ಬದುಕಿ ಬಂದರು. ಬಂದು ನೋಡಿದರೆ ಬಂಧು ಬಳಗದಲ್ಲಿ ಹೆಚ್ಚುಕಡಿಮೆ ಯಾರೂ ಉಳಿದಿರಲಿಲ್ಲ. ಹಾಗಾಗಿ 'ನಾವು–ಅವರು' ಎಂಬ ಮಾತು ಅವರಿಗೆ ಬರಿಯ ಪುಸ್ತಕದ ವಿಷಯ ಆಗಿರಲಿಲ್ಲ. ಹದಿನಾಲ್ಕು ಹದಿನೈದು ವರ್ಷದ ಶಾಲಾ ಹುಡುಗರಿಗೆ ಅವರು ಕೆಲವು ಚಿತ್ರಗಳನ್ನು ತೋರಿಸಿದರು. ನೀನು ಮೆಚ್ಚಿದ್ದು ಕ್ಲೇ ಎಂಬ ಚಿತ್ರಕಾರನನ್ನು, ನೀನು ಕ್ಯಾಂಡಿನ್‌ಸ್ಕಿಯನ್ನು ಎಂದು ಹೇಳಿ ಎರಡು ಗುಂಪು ಮಾಡಿದರು. ನಿಜದಲ್ಲಿ ಆ ಹಂಚಿಕೆ ಚೀಟಿ ಎತ್ತಿದ ಹಾಗೆ, ಮೆಚ್ಚುಗೆಗೂ ಅದಕ್ಕೂ ಸಂಬಂಧವಿರಲಿಲ್ಲ. ತನ್ನ ಗುಂಪಿನಲ್ಲಿ ಯಾರ್‍ಯಾರಿದ್ದಾರೆ ಎಂದು ಹುಡುಗನಿಗೆ ಗೊತ್ತಿಲ್ಲ. ತನಗೆ ತಾನು ಏನೂ ಕೊಟ್ಟುಕೊಳ್ಳುವಂತಿಲ್ಲ. ಎರಡು ಗುಂಪಿನ ಹೆಸರಿಲ್ಲದ ಇಬ್ಬರಿಗೆ ಬಹುಮಾನದ ಅಂಕ ಹಂಚಬೇಕು, ಅಷ್ಟೇ.

ಹಂಚುವ ಪಟ್ಟಿಯೊಂದರಲ್ಲಿ ನಮ್ಮವನಿಗೆ 19, ಅವರವನಿಗೆ 25 ಕೊಡುವ ದಾರಿಯಿತ್ತು. ನಮ್ಮವನಿಗೆ 7, ಅವರವನಿಗೆ 1 ಕೊಡುವ ದಾರಿಯೂ ಇತ್ತು. ಲಾಭ ನೋಡುವವನು ಹತ್ತೊಂಬತ್ತನ್ನು ಬಿಡಬಾರದು. ಸಮನಾಗಿ ಹಂಚಲು ನೋಡಿದವರೂ ಇದ್ದರು, ನಿಜ. ಆದರೂ ಒಟ್ಟಿನಲ್ಲಿ ಹುಡುಗರ ಕೈ ವಾಲಿದ್ದು ಏಳು–ಒಂದರ ಕಡೆಗೆ. ನಮಗೆ ಕಡಿಮೆ ಬಂದರೂ ಸರಿ, ಅವರಿಗಿಂತ ಹೆಚ್ಚಿರಬೇಕು. ಎದುರು ಮನೆಯವನ ಎರಡು ಕಣ್ಣೂ ಹೋಗುವುದಾದರೆ ನನ್ನ ಒಂದು ಕಣ್ಣು ಹೋಗಲಿ ಎಂದು ದೇವರಲ್ಲಿ ವರ ಕೇಳಿದವನ ಕಥೆ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಬ್ರಿಸ್ಟಲ್ಲಿನ ಹುಡುಗರಿಗೆ ಆ ಕಥೆ ಗೊತ್ತಿಲ್ಲದಿದ್ದರೂ ಗುಣ ಬಂದಿತ್ತು.

ಗುಂಪಿಗೆ ಒಂದು ಗುರುತು ಸಿಕ್ಕಿತು ಅನ್ನಿ. ಆ ಮೇಲೆ ಆ ಗುರುತಿಗಾಗಿಯೇ ತಲೆ ಒಡೆಯುತ್ತದೆ. ನಮ್ಮ ನಾಡಿನಲ್ಲೇ ಬಲಗೈ, ಎಡಗೈ ಎಂಬ ಎರಡು ಜಾತಿ ಬಣಗಳಿದ್ದವು. 1800ರಲ್ಲಿ, ಟಿಪ್ಪು ಬಿದ್ದ ಮರುವರ್ಷ, ಮೈಸೂರು ಸೀಮೆಯ ಪ್ರವಾಸಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಇವನ್ನು ಕಂಡು ಬರೆದುಕೊಂಡ. ಬಣಜಿಗರು ಮುಂದಾಳುಗಳಾದ ಹದಿನೆಂಟು ಪಣ, ಎಂದರೆ ಹದಿನೆಂಟು ಜಾತಿ, ಬಲಗೈ ಕಡೆ; ಪಾಂಚಾಳರು ಮುಂದಾಳುಗಳಾದ ಒಂಬತ್ತು ಪಣ ಎಡಗೈ ಕಡೆ. ಮದುವೆಯ ಮೆರವಣಿಗೆಯಲ್ಲಿ ಯಾರು ಕುದುರೆ ಏರಬಹುದು, ಯಾರು ಪಲ್ಲಕ್ಕಿಯಲ್ಲಿ ಕೂರಬಹುದು, ಯಾರು ಚಪ್ಪಲಿ ಮೆಟ್ಟಿ ಬೀದಿಯಲ್ಲಿ ನಡೆಯಬಹುದು ಎಂದು ಇವರಿಬ್ಬರ ನಡುವೆ ಬಡಿದಾಟ. ಅದೇ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ತಾನು ಕಣ್ಣಾರೆ ಕಂಡ ಒಂದು ದೊಡ್ಡ ಜಗಳದ ಮೂಲವನ್ನು ಬರೆದಿದ್ದಾನೆ. ಚಪ್ಪಲಿ ಹೊಲಿಯುವ ಸಮುದಾಯದ ಒಬ್ಬಾತ ಊರ ಸಮಾರಂಭಕ್ಕೆ ಬರುವಾಗ ರುಮಾಲಿಗೆ ಕೆಂಪು ಹೂ ಸಿಕ್ಕಿಸಿಕೊಂಡು ಬಂದ. ಕೆಂಪು ಹೂ ಮುಡಿಯುವ ಹಕ್ಕು ಎಡಗೈಯವರಿಗಿಲ್ಲ ಎಂದು ಬಲಗೈಯವರು ಎದ್ದರು.

ಈ ಜಗಳದಲ್ಲಿ ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ಒಂದು ಸಂಗತಿ. ಹೂವಿಗಾಗಿ ಕಾದಾಡಿದ ಎರಡೂ ಕಡೆಯವರು ಊರ ಹೊರಗೇ ವಾಸಿಸಬೇಕಾಗಿದ್ದ ಬಡವರು. ಊರ ಬಾವಿಯ ನೀರು ಇಬ್ಬರಿಗೂ ಸಿಗುತ್ತಿರಲಿಲ್ಲ. ಆದರೂ ಸಿಟ್ಟು ಬಾವಿಯವರ ಮೇಲೆ ತಿರುಗಲಿಲ್ಲ, ಪಕ್ಕದವನ ರುಮಾಲಿನ ಮೇಲೆ ತಿರುಗಿತು. ಎಡಗೈ, ಬಲಗೈ ಎಂಬ ಹೆಸರುಗಳು ಇವತ್ತಿಗೂ ಪರಿಶಿಷ್ಟ ಜಾತಿಗಳ ಒಳ ಮೀಸಲಾತಿಯ ಚರ್ಚೆಯಲ್ಲಿ ಉಳಿದಿವೆ. ಅಲ್ಲಿ ಅವು ಅನ್ನದ, ಓದಿನ, ಕೆಲಸದ ಪ್ರಶ್ನೆ. ಆದರೆ ಹದಿನೆಂಟು ಪಣ, ಒಂಬತ್ತು ಪಣದ ಕುದುರೆ ಮೆರವಣಿಗೆಯ ಜಗಳ? ತಲೆ ಒಡೆಸಿಕೊಂಡವರ ಮರಿಮಕ್ಕಳಿಗೇ ಇವತ್ತು ಅದರ ಸುಳಿವಿಲ್ಲ.

ನಮ್ಮ ಜಗಳಗಳ ಬಗ್ಗೆಯೂ ನಾಳೆಯವರು ಹೀಗೇ ಹೇಳಬಹುದು. ಇಷ್ಟು ಹೊತ್ತು ಬೇರೆಯವರ ಕಥೆ ಹೇಳಿದೆ, ಇನ್ನು ನನ್ನದು.

ನಾನು ಶಾಲೆಯ ಮೇಷ್ಟ್ರಾಗಿ ನಿವೃತ್ತನಾದವನು. ನಾವಿರುವ ಬಡಾವಣೆಯಲ್ಲಿ ಒಂದು ನಿವಾಸಿಗಳ ಸಂಘ ಇದೆ, ಸಂಘಕ್ಕೊಂದು ವಾಟ್ಸ್ಆ್ಯಪ್ ಗುಂಪಿದೆ. ಒಂದು ವರ್ಷ ಸೆಪ್ಟೆಂಬರ್‌ನಲ್ಲಿ, ಪೌರಕಾರ್ಮಿಕರ ದಿನಾಚರಣೆಯ ಹೊತ್ತಿಗೆ, ನಮ್ಮ ಬೀದಿಗಳ ಕಸ ಒಯ್ಯುವ ಆರು ಜನಕ್ಕೆ ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಶಾಲು, ಹಾರ, ಫಲತಾಂಬೂಲ. ನಾನೇ ಸ್ವಾಗತ ಭಾಷಣ ಮಾಡಿದೆ. ಭಾಷಣ ಚೆನ್ನಾಗಿಯೇ ಇತ್ತು ಎಂದು ನನ್ನ ಅಭಿಪ್ರಾಯ. ಫೋಟೋ ತೆಗೆದರು. ಆಮೇಲೆ ಕಾಫಿ ಬಂತು. ನಮಗೆ ಸ್ಟೀಲ್ ಲೋಟದಲ್ಲಿ, ಅವರಿಗೆ ಕಾಗದದ ಲೋಟದಲ್ಲಿ.

ನಾನು ಅದನ್ನು ನೋಡಿದೆ. ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ನೋಡಿ ಕಾಫಿ ಕುಡಿದೆ.

ಮನೆಗೆ ಬಂದು ಗುಂಪಿನಲ್ಲಿ ಫೋಟೋಗಳ ಜೊತೆ ನಾಲ್ಕು ಸಾಲು ಬರೆದೆ. ಊರನ್ನು ಶುಚಿಯಾಗಿ ಇಡುವ ಕೈಗಳಿಗೆ ನಮ್ಮ ನಮನ, ಇತ್ಯಾದಿ. ಹೆಬ್ಬೆರಳುಗಳು, ಕೈಮುಗಿದ ಬೊಂಬೆಗಳು ಸಾಲಾಗಿ ಬಂದವು. ಪ್ರತಿ ಹೆಬ್ಬೆರಳಿಗೂ ನನ್ನ ಎದೆ ಒಂದು ಅಂಗುಲ ಉಬ್ಬಿತು. ರಾತ್ರಿ ಹತ್ತು ಗಂಟೆಗೆ ಮೂರನೇ ಅಡ್ಡರಸ್ತೆಯ ಒಬ್ಬ ಹುಡುಗಿ, ಇಂಜಿನಿಯರ್ ಕೆಲಸ ಮಾಡುವವಳು, ಒಂದೇ ಸಾಲು ಹಾಕಿದಳು: "ಲೋಟ ಯಾಕೆ ಬೇರೆ ಇತ್ತು?"

ಅಲ್ಲಿಗೆ ಬಡಾವಣೆ ಎರಡಾಯಿತು. ಒಳ್ಳೆಯ ಕೆಲಸಕ್ಕೆ ಹುಳಿ ಹಿಂಡುವವರು ಎಂದು ನಮ್ಮವರು. ತೋರಿಕೆಯ ಜನ ಎಂದು ಅವರ ಕಡೆಯವರು. ಆಕೆ ಯಾವ ಪೈಕಿ, ಯಾವ ಪಕ್ಷ, ಯಾವ ಪತ್ರಿಕೆ ಓದುತ್ತಾಳೆ ಎಂಬ ವಿಚಾರಣೆ ಶುರುವಾಯಿತು. ಬಸ್ಸಿನಲ್ಲಿ ಪಕ್ಕ ಕೂತವರು 'ನಿಮ್ಮ ಮನೆದೇವರು ಯಾವುದು' ಎಂದು ಮೆಲ್ಲಗೆ ಕೇಳುತ್ತಾರಲ್ಲ, ದೇವರ ಮೇಲಿನ ಭಕ್ತಿಯಿಂದಲ್ಲ, ಜಾತಿ ತಿಳಿಯಲು, ಹಾಗೆ. ಅವರ ಕಡೆಯ ಹಲವರು ತಮ್ಮ ಚಿತ್ರ ತೆಗೆದು ಆ ಜಾಗದಲ್ಲಿ ಒಂದು ಸ್ಟೀಲ್ ಲೋಟದ ಚಿತ್ರ ಹಾಕಿಕೊಂಡರು. ನಮ್ಮವರು ಸನ್ಮಾನದ ಫೋಟೋ ಹಾಕಿಕೊಂಡರು. ನಾಲ್ಕು ದಿನ ಈ ಯುದ್ಧ. ಆ ನಾಲ್ಕು ದಿನವೂ ಕಸದ ಗಾಡಿ ಬೆಳಿಗ್ಗೆ ಏಳಕ್ಕೆ ಬಂದು ಹೋಗುತ್ತಿತ್ತು. ಗಾಡಿಯ ಜೊತೆ ಬರುವವರನ್ನು ಎರಡೂ ಕಡೆಯವರು ಯಾರೂ ಏನೂ ಕೇಳಲಿಲ್ಲ.

ಐದನೇ ದಿನ ಕಸದ ಬುಟ್ಟಿ ಕೊಡಲು ಗೇಟಿನ ಹತ್ತಿರ ನಿಂತಿದ್ದೆ. ಸನ್ಮಾನ ಮಾಡಿಸಿಕೊಂಡವರಲ್ಲಿ ಒಬ್ಬಾಕೆ ಬಂದರು. "ಏನಮ್ಮ, ಶಾಲು ಚೆನ್ನಾಗಿದೆಯೋ?" ಅಂದೆ. ಹೊಗಳಿಕೆಯ ಇನ್ನೊಂದು ತುತ್ತು ಸಿಗಲಿ ಎಂದೇ ಕೇಳಿದ್ದು, ಸುಳ್ಳೇಕೆ ಹೇಳಲಿ.

"ಚೆಂದಾಗದೆ ಮೇಷ್ಟ್ರೇ. ಚಳಿಗಾಲಕ್ಕಾಯ್ತದೆ," ಅಂದರು. ಆಮೇಲೆ ಬುಟ್ಟಿ ತಗೊಳ್ಳುತ್ತಾ, "ಗಾಜ್ನ ಮಾತ್ರ ಬ್ಯಾರೆ ಕಟ್ಟಿ ಕೊಟ್ಬುಡಿ. ಹಸಿ ಕಸದೊಳಗೆ ಹಾಕ್ಬ್ಯಾಡಿ," ಎಂದು ಕೈ ತೋರಿಸಿದರು. ತೋರುಬೆರಳಿನ ಬುಡದಿಂದ ಅಂಗೈವರೆಗೆ ಹಳೆಯ ಗಾಯದ ಗೆರೆ, ಅದರ ಪಕ್ಕದಲ್ಲಿ ಹೊಸದೊಂದು. ಹಿಂದಿನ ವಾರ ನಮ್ಮ ಮನೆಯಲ್ಲಿ ಒಂದು ಗಾಜಿನ ಲೋಟ ಒಡೆದಿತ್ತು. ಅದರ ಚೂರುಗಳನ್ನು ತರಕಾರಿ ಸಿಪ್ಪೆಯ ಜೊತೆ ಹಾಕಿದ್ದವನು ನಾನೇ.

ಆಮೇಲೆ ಗೊತ್ತಾದದ್ದು, ಈ ಮಾತನ್ನು ಅವರು ಎಲ್ಲ ಮನೆಯ ಮುಂದೆಯೂ ಹೇಳುತ್ತಿದ್ದರು. ಸ್ಟೀಲ್ ಲೋಟದ ಚಿತ್ರ ಹಾಕಿಕೊಂಡವರ ಮನೆಯ ಬುಟ್ಟಿಯಲ್ಲೂ ಗಾಜು ಇರುತ್ತಿತ್ತು.

ಕೇಳುಗರೇ, ನಮ್ಮ ಸನ್ಮಾನ ನಾಟಕ ಎಂದು ನಾನು ಹೇಳುತ್ತಿಲ್ಲ. ಅವತ್ತು ನಮಗೆ ನಿಜವಾಗಿಯೂ ಗೌರವ ಇತ್ತು. ಆ ಹುಡುಗಿಗೂ ನಿಜವಾಗಿಯೇ ನೋವಾಗಿತ್ತು. ಎರಡೂ ಭಾವನೆ ಹುಟ್ಟಿದಾಗ ಶುದ್ಧವಾಗಿದ್ದವು. ಬಾಯಿಗೆ ಬರುವಷ್ಟರಲ್ಲಿ ತಿರುಗಿ ನಮ್ಮ ನಮ್ಮವರ ಕಡೆ ಮುಖ ಮಾಡಿದವು. ನಾನು ಮೆಚ್ಚಿಸಲು ನೋಡಿದ್ದು ನನ್ನ ಹೆಬ್ಬೆರಳಿನವರನ್ನು. ಗಾಯವಾದ ಬೆರಳು ಎರಡು ಗುಂಪಿನ ನಡುವೆ ಎಲ್ಲಿಯೂ ಕಾಣದೆ ಹೋಯಿತು.

ಹಾಗಾದರೆ ಇದಕ್ಕೆ ಮದ್ದೇನು? ನನಗೆ ತಿಳಿದ ಒಳ್ಳೆಯ ಮದ್ದು ಆರೂವರೆ ಶತಮಾನ ಹಳೆಯದು. ಅದು ಶ್ರವಣಬೆಳಗೊಳದಲ್ಲಿ, ಭಂಡಾರಿ ಬಸದಿಯ ಹತ್ತಿರ, ಕಲ್ಲಿನ ಮೇಲೆ ಇದೆ.

ವರ್ಷ 1368. ವಿಜಯನಗರದ ದೊರೆ ಬುಕ್ಕರಾಯ. ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು ಭಕ್ತರಿಂದ ನಮಗೆ ಅನ್ಯಾಯವಾಗುತ್ತಿದೆ ಎಂದು ದೊರೆಯ ಮುಂದೆ ದೂರು ತಂದರು. ತೀರ್ಪು ಏನನ್ನು ಎತ್ತಿಹಿಡಿಯಿತು ನೋಡಿದರೆ ಜಗಳ ಯಾವುದರ ಸುತ್ತ ಇತ್ತು ಎಂದು ತಿಳಿಯುತ್ತದೆ: ಪಂಚಮಹಾವಾದ್ಯ ಮತ್ತು ಕಲಶ. ಕೊಂಬು, ತಮ್ಮಟೆ, ಶಂಖ, ಭೇರಿ, ಜಯಗಂಟೆ ಇವನ್ನು ಯಾರು ಊದಬಹುದು, ಬಾರಿಸಬಹುದು. ಕಲಶದ ಮರ್ಯಾದೆ ಯಾರಿಗೆ ಸಲ್ಲುತ್ತದೆ. ಎಂದರೆ ಮತ್ತೆ ಅದೇ ಕೆಂಪು ಹೂವಿನ ಕಥೆ.

ಬುಕ್ಕ ಏನು ಮಾಡಬಹುದಿತ್ತು? ಜೈನರಿಗೆ ಕಾವಲು ದಂಡು ಕಳಿಸಬಹುದಿತ್ತು. ಇಬ್ಬರೂ ವಾದ್ಯ ನಿಲ್ಲಿಸಿ ಎನ್ನಬಹುದಿತ್ತು. ಸರ್ವಧರ್ಮ ಸಮಭಾವದ ಮೇಲೆ ಒಂದು ಒಳ್ಳೆಯ ಭಾಷಣ ಮಾಡಬಹುದಿತ್ತು. ಆದರೆ ಅವನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ವೈಷ್ಣವ ಆಚಾರ್ಯರನ್ನು ಕರೆಸಿದ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟ. ಎರಡು ದರ್ಶನಕ್ಕೆ ಭೇದವಿಲ್ಲ, ಹಿಂದಿನಂತೆ ಜೈನರಿಗೆ ವಾದ್ಯವೂ ಕಲಶವೂ ಸಲ್ಲಬೇಕು ಎಂದ. ಮುಖ್ಯವಾದದ್ದು ಇದರ ಮುಂದಿನ ಮಾತು. ಇನ್ನು ಭಕ್ತರಿಂದ ಜೈನ ದರ್ಶನಕ್ಕೆ ಹಾನಿಯಾದರೆ ಅದನ್ನು ವೈಷ್ಣವರು ತಮಗೇ ಆದ ಹಾನಿ ಎಂದು ಎಣಿಸಬೇಕು. ವೈಷ್ಣವರೇ ಮುಂದಾಗಿ ಬಸದಿಗಳಲ್ಲಿ ಈ ಶಾಸನವನ್ನು ನೆಡಿಸಬೇಕು. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ತಿರುಮಲೆಯ ತಾತಯ್ಯನೆಂಬ 'ಎದುರು ಪಕ್ಷ'ದ ಹಿರಿಯ ಆ ಹಣದಲ್ಲಿ ಗೊಮ್ಮಟನ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕದ್ದರಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಈ ತೀರ್ಪಿನ ಜಾಣತನ ಗಮನಿಸಿ. ಜೈನರನ್ನು ಕಾಪಾಡುವ ಹೊರೆ ಬಿದ್ದದ್ದು ವೈಷ್ಣವ ಹಿರಿಯರ ಹೆಗಲ ಮೇಲೆ. ನಾಳೆ ವೈಷ್ಣವನೊಬ್ಬ ಬಸದಿಯ ವಾದ್ಯ ತಡೆದರೆ ಅವನನ್ನು ಗದರಬೇಕಾದವನು ತಾತಯ್ಯ. ತನ್ನ ಪಂಕ್ತಿಯಲ್ಲಿ ಕೂತವನಿಗೆ, ತನ್ನದೇ ನಾಮ ಧರಿಸಿದವನಿಗೆ, ನೀನು ಮಾಡಿದ್ದು ತಪ್ಪು ಎಂದು ಹೇಳಬೇಕು. ಅದು ದುಬಾರಿ ಮಾತು. ಜೈನನ ಮೇಲೆ ಕೂಗಾಡಲು ಆ ತಾತಯ್ಯನಿಗೆ ಕಾಸಿನ ಖರ್ಚಿರಲಿಲ್ಲ. ತನ್ನವನನ್ನು ಗದರಲು ಖರ್ಚಿತ್ತು.

ಈ ಕಲ್ಲಿನಿಂದ ನಾನು ಕಲಿತ ಪಾಠ ಸಣ್ಣದು. ನಾನು ಆಡುವ ಒಳ್ಳೆಯ ಮಾತು ನಿಜವೋ ಬರಿಯ ಡಂಗುರವೋ ಎಂದು ಅನುಮಾನ ಬಂದಾಗ ಒಂದೇ ಪ್ರಶ್ನೆ ಹಾಕಿಕೊಳ್ಳುತ್ತೇನೆ. ಇದನ್ನು ಕೇಳಿ ನನ್ನವರಲ್ಲಿ ಯಾರಿಗಾದರೂ ಮುಖ ಸಿಂಡರಿಸುತ್ತದೆಯೇ? ಎಲ್ಲರೂ ಹೆಬ್ಬೆರಳು ಎತ್ತುವ ಹಾಗಿದ್ದರೆ ಆ ಮಾತು ಹೇಳುವ ಅವಸರವೇನೂ ಇಲ್ಲ, ಅದು ಅವರಿಗೆ ಆಗಲೇ ಗೊತ್ತಿದೆ. ಇನ್ನೊಂದು ಪ್ರಶ್ನೆಯೂ ಇದೆ. ಯಾರ ಪರವಾಗಿ ಮಾತಾಡುತ್ತಿದ್ದೇನೋ ಅವರು ಗೇಟಿನ ಮುಂದೆ ನಿಂತು ಏನಾದರೂ ಕೇಳುತ್ತಿದ್ದಾರೆಯೇ?

ಈಗ ನಮ್ಮ ಮನೆಯಲ್ಲಿ ಗಾಜು ಒಡೆದರೆ ಹಳೆಯ ಪೇಪರಿನಲ್ಲಿ ದಪ್ಪಗೆ ಸುತ್ತಿ ಕೆಂಪು ದಾರ ಕಟ್ಟಿ ಬೇರೆಯಾಗಿ ಇಡುತ್ತೇವೆ. ಕೆಂಪು ದಾರ ಕಂಡರೆ ಅದರೊಳಗೆ ಗಾಜಿದೆ ಎಂದು ಆಕೆಗೆ ಗೊತ್ತು. ಅದೂ ಒಂದು ಗುರುತೇ. ಆದರೆ ಅದನ್ನು ಯಾರೂ ಹಣೆಗೆ ಹಚ್ಚಿಕೊಳ್ಳುವುದಿಲ್ಲ, ಅದು ಒಂದು ಕೈಯನ್ನು ಕಾಯುತ್ತದೆ. ಇದನ್ನು ಬಾನುಲಿಯಲ್ಲಿ ಹೇಳಿದ ಮೇಲೆ ಇದೂ ನನ್ನ ಡಂಗುರವೇ ಆಯಿತಲ್ಲ ಎನ್ನುತ್ತೀರಿ. ಹೌದು. ಅದಕ್ಕೇ ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ.

ಆ ವರ್ಷದ ಸಂಘದ ಸಭೆಯಲ್ಲಿ ನಾನು ಎದ್ದು, ಲೋಟದ ವಿಷಯದಲ್ಲಿ ಆ ಹುಡುಗಿ ಹೇಳಿದ್ದು ಸರಿ, ನಾನು ನೋಡಿಯೂ ಸುಮ್ಮನಿದ್ದೆ ಎಂದೆ. ಚಪ್ಪಾಳೆ ಬರಲಿಲ್ಲ. ಎದುರು ಕಡೆಯವರಿಗೆ ನಂಬಿಕೆ ಹುಟ್ಟಲಿಲ್ಲ, ನಮ್ಮ ಕಡೆಯವರಿಗೆ ಸಿಟ್ಟು ಬಂತು. ಬೆಳಗಿನ ವಾಕಿಂಗಿಗೆ ಹದಿನೈದು ವರ್ಷದಿಂದ ಜೊತೆಗೆ ಬರುತ್ತಿದ್ದ ಇಬ್ಬರು ಗೆಳೆಯರು ಮಾರನೆಯ ದಿನದಿಂದ ಬೇರೆ ರಸ್ತೆ ಹಿಡಿದರು.

ಅವರಲ್ಲಿ ಒಬ್ಬರು ಕಳೆದ ವಾರದಿಂದ ಮತ್ತೆ ಬರುತ್ತಿದ್ದಾರೆ. ಇನ್ನೊಬ್ಬರಿಗಾಗಿ ಪಾರ್ಕಿನ ಮೂಲೆಯಲ್ಲಿ ಎರಡು ನಿಮಿಷ ನಿಂತು ನೋಡಿ ಹೊರಡುತ್ತೇವೆ.